ಸಾಗಿಸಿದರೆ ಸಾಲದು, ಇನ್ನೊಂದು ಪ್ರತಿ ಬೇಕು

ಪ್ರಶ್ನೆ: ನಮ್ಮ ಮನೆಯ ಕಂಪ್ಯೂಟರಿನಲ್ಲಿ ಹದಿನೈದು ವರ್ಷಗಳ ಫೋಟೊ, ವಿಡಿಯೊ, ನಮ್ಮ ಯಜಮಾನರು ನುಡಿಯಲ್ಲಿ ಟೈಪ್ ಮಾಡಿಟ್ಟ ಲೇಖನಗಳು, ಪಹಣಿ, ತೆರಿಗೆ ಕಾಗದ ಎಲ್ಲ ಕಲಸುಮೇಲೋಗರವಾಗಿವೆ. ಜಾಗ ಸಾಲದೆಂದು ಈಚೆಗೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಒಂದನ್ನು ತಂದು ಫೋಟೊಗಳನ್ನೆಲ್ಲ ಅದಕ್ಕೆ ಸಾಗಿಸಿದೆ. ಇಷ್ಟಾದರೆ ಬ್ಯಾಕಪ್ ಆದಂತೆಯೆ? ಎಲ್ಲವನ್ನೂ ಒಪ್ಪವಾಗಿ ಜೋಡಿಸಬೇಕೆಂದಿದ್ದೇನೆ, ಎಲ್ಲಿಂದ ಶುರುಮಾಡಲಿ?
— ನಿವೃತ್ತ ಶಿಕ್ಷಕಿ, ಶಿರಸಿ

ಉತ್ತರ: ಇಲ್ಲ, ಅದು ಬ್ಯಾಕಪ್ ಅಲ್ಲ. ಫೋಟೊಗಳು ಮೊದಲು ಒಂದು ಕಡೆ ಇದ್ದವು, ಈಗಲೂ ಒಂದೇ ಕಡೆ ಇವೆ. ಅದೂ ಮೇಜಿನಿಂದ ಬಿದ್ದರೆ ಕೆಡಬಹುದಾದ, ಕೈಚೀಲದಲ್ಲಿ ಹಾಕಿಕೊಂಡು ಹೋಗಬಹುದಾದ ಪೆಟ್ಟಿಗೆಯಲ್ಲಿ. ಆದ್ದರಿಂದ ಜೋಡಿಸುವ ಕೆಲಸವನ್ನು ಸದ್ಯ ಬದಿಗಿಡಿ. ಅಷ್ಟೇ ಜಾಗವಿರುವ ಇನ್ನೊಂದು ಡಿಸ್ಕ್ ತನ್ನಿ, ಇದ್ದದ್ದನ್ನು ಇದ್ದ ಹಾಗೆಯೇ, ಗೊಂದಲ ಸಮೇತ, ಅದಕ್ಕೆ ಕಾಪಿ ಮಾಡಿ. ಕಟ್ ಮಾಡಬೇಡಿ, ಕಾಪಿ ಮಾಡಿ. ಕಂಪ್ಯೂಟರಿನಲ್ಲಿ ಉಳಿದಿರುವ ಲೇಖನ, ಕಾಗದಪತ್ರಗಳನ್ನೂ ಎರಡೂ ಡಿಸ್ಕಿಗೆ ಹಾಕಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಮನೆಗಳಲ್ಲಿ ಫೈಲುಗಳು ಕಳೆದುಹೋಗುವುದು ಯಂತ್ರ ಕೆಟ್ಟಾಗ ಮಾತ್ರವಲ್ಲ. ಒಪ್ಪ ಮಾಡಲು ಕೂತಾಗಲೂ ಹೋಗುತ್ತವೆ. ‘ಇದು ಅಲ್ಲೂ ಇದೆಯಲ್ಲ’ ಎಂದುಕೊಂಡು ಒಂದು ಫೋಲ್ಡರ್ ಅಳಿಸುತ್ತೇವೆ, ಅಲ್ಲಿ ಇದ್ದದ್ದು ಅದೇ ಹೆಸರಿನ ಖಾಲಿ ಫೋಲ್ಡರ್. ಎರಡು ಪ್ರತಿ ಕೈಯಲ್ಲಿದ್ದರೆ ಇಂಥ ತಪ್ಪು ತಪ್ಪಾಗಿ ಉಳಿಯುತ್ತದೆ, ನಷ್ಟವಾಗುವುದಿಲ್ಲ.

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಬರೆಸಿ ಹಂಚಿದಳೆಂದು ನಮ್ಮ ಸಾಹಿತ್ಯ ಚರಿತ್ರೆ ಹೇಳುತ್ತದೆ. ನೀವು ಇದನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿರುತ್ತೀರಿ. ಅವಳು ಪ್ರತಿ ಮಾಡಿಸಿದ್ದಷ್ಟೇ ಅಲ್ಲ, ಹಂಚಿದಳು ಎಂಬುದನ್ನು ಗಮನಿಸಿ. ಸಾವಿರ ಪ್ರತಿಯೂ ಒಂದೇ ಭಂಡಾರದಲ್ಲಿದ್ದರೆ ಒಂದು ಬೆಂಕಿ ಸಾಕಿತ್ತು.

ಇವತ್ತಿನ ಕಂಪ್ಯೂಟರ್ ಲೋಕದಲ್ಲಿ ಇದಕ್ಕೆ 3-2-1 ಎಂಬ ಸೂತ್ರವಿದೆ. ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕರು ಇದನ್ನು ಬಳಕೆಗೆ ತಂದವರು. ಒಟ್ಟು 3 ಪ್ರತಿ, 2 ಬೇರೆ ಬೇರೆ ಬಗೆಯ ಸಾಧನಗಳಲ್ಲಿ, ಅದರಲ್ಲಿ 1 ಮನೆಯಿಂದ ಹೊರಗೆ. ನಿಮ್ಮ ಮಟ್ಟಿಗೆ ಸರಳವಾಗಿ ಹೇಳುವುದಾದರೆ ಒಂದು ಕಂಪ್ಯೂಟರಿನಲ್ಲಿ, ಒಂದು ಮನೆಯ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ಮಗನ, ಮಗಳ ಅಥವಾ ತಂಗಿಯ ಮನೆಯ ಡಿಸ್ಕಿನಲ್ಲಿ. ಫೋಟೊಗಳಿಗೆ ಕಂಪ್ಯೂಟರಿನಲ್ಲಿ ಜಾಗವಿಲ್ಲದಿದ್ದರೆ ಎರಡು ಡಿಸ್ಕಿನ ಜೊತೆಗೆ ಆನ್‌ಲೈನ್ ಪ್ರತಿಯೊಂದನ್ನು ಇಡಿ. ಗೌರಿ ಹಬ್ಬಕ್ಕೆ ಮಗಳು ಬಂದಾಗ ಅವಳ ಬಳಿ ಇರುವ ಡಿಸ್ಕನ್ನು ಪಡೆದು ಹೊಸದನ್ನು ಕೊಟ್ಟು ಕಳಿಸಿದರೆ ಅಂಚೆ, ಕೊರಿಯರ್ ಯಾವುದೂ ಬೇಡ.

ಮನೆಯ ಡಿಸ್ಕನ್ನು ಕಂಪ್ಯೂಟರಿಗೆ ಸದಾ ಸಿಕ್ಕಿಸಿ ಇಡಬೇಡಿ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ದಿನಗಳು ನಿಮ್ಮ ಕಡೆ ಹೇಗಿರುತ್ತವೆ ಎಂದು ನಿಮಗೇ ಗೊತ್ತು. ವಿದ್ಯುತ್ ಏರುಪೇರಾದರೆ ಕಂಪ್ಯೂಟರ್, ಡಿಸ್ಕ್ ಎರಡೂ ಒಟ್ಟಿಗೇ ಹೋಗಬಹುದು. ಇನ್ನೊಂದು ಅಪಾಯ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬುದು ಜಗತ್ತಿನ ಉದ್ದಗಲಕ್ಕೂ ಹಬ್ಬಿದ್ದು ನೆನಪಿರಬಹುದು. ಇಂಥವು ಸಿಕ್ಕಿಸಿರುವ ಡಿಸ್ಕಿನಲ್ಲಿರುವುದನ್ನೂ ಬಿಡುವುದಿಲ್ಲ. ಕಾಪಿ ಆದ ಮೇಲೆ ಕಳಚಿ, ಮಳೆಗಾಲದ ತೇವ ತಾಗದಂತೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿಮುಚ್ಚಳದ ಡಬ್ಬಿಯಲ್ಲಿಡಿ. ಕಂಪ್ಯೂಟರಿನಲ್ಲಿರುವುದು ವಿಂಡೋಸ್ 10 ಆಗಿದ್ದರೆ, ಮೈಕ್ರೋಸಾಫ್ಟ್ ಅದರ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ. ಹೊಸ ಆವೃತ್ತಿಗೆ ಹೋಗುವ ದಾರಿಯನ್ನೂ ವಿಚಾರಿಸಿ.

‘ಎಲ್ಲ ಗೂಗಲ್‌ನಲ್ಲಿದೆಯಲ್ಲ’ ಎಂದು ಮಕ್ಕಳು ಹೇಳಬಹುದು. ಒಳ್ಳೆಯದೇ, ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಉಚಿತ ಜಾಗ 15 ಜಿಬಿ. ಮೇಲ್, ಡ್ರೈವ್, ಫೋಟೊ ಮೂರೂ ಅದರೊಳಗೇ. ಅದಕ್ಕಿಂತ ಮುಖ್ಯವಾದ ಸಂಗತಿ, ಸಿಂಕ್ ಎಂಬುದು ಕನ್ನಡಿ ಇದ್ದ ಹಾಗೆ. ಫೋನಿನಲ್ಲಿ ಜಾಗ ಮಾಡಲೆಂದು ಗೂಗಲ್ ಫೋಟೊಸ್‌ನಿಂದ ಚಿತ್ರ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಕಸದ ಬುಟ್ಟಿಯಲ್ಲಿ 60 ದಿನ ಇರುತ್ತದೆ, ಆಮೇಲೆ ಇಲ್ಲ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಅಳಿಸಬಹುದೆಂದು ಗೂಗಲ್ 2023ರಲ್ಲೇ ನಿಯಮ ಮಾಡಿದೆ. ಖಾತೆಯ ಸೆಟ್ಟಿಂಗ್ಸ್‌ನಲ್ಲಿ ‘ಇನ್ಯಾಕ್ಟಿವ್ ಅಕೌಂಟ್ ಮ್ಯಾನೇಜರ್’ ಎಂಬುದಿದೆ. ನೀವು ಬಹುಕಾಲ ಖಾತೆ ತೆರೆಯದಿದ್ದರೆ ಯಾರಿಗೆ ತಿಳಿಸಬೇಕು, ಯಾರಿಗೆ ಒಳಗಿನದನ್ನು ಕೊಡಬೇಕು ಎಂದು ಈಗಲೇ ಹೇಳಿಡಬಹುದು. ಕುಟುಂಬದ ಫೋಟೊ ಇಟ್ಟಿರುವ ಪ್ರತಿಯೊಬ್ಬರೂ ಇದನ್ನು ತುಂಬಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪ್ರತಿ ಮಾಡಿದ್ದು ನಿಜಕ್ಕೂ ತೆರೆಯುತ್ತದೆಯೇ ಎಂದು ನೋಡುವವರು ತೀರ ಕಡಿಮೆ. 1998ರಲ್ಲಿ ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ 2’ ತಯಾರಾಗುತ್ತಿದ್ದಾಗ ಯಾರೋ ಕೊಟ್ಟ ಒಂದು ಆದೇಶದಿಂದ ಸರ್ವರಿನಲ್ಲಿದ್ದ ಸಿನಿಮಾದ ಫೈಲುಗಳು ಒಂದೊಂದಾಗಿ ಮಾಯವಾದವು. ಬ್ಯಾಕಪ್ ಇದೆ ಎಂದು ಎಲ್ಲರೂ ನಂಬಿದ್ದರು. ತೆಗೆದು ನೋಡಿದರೆ ಅದು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಮಗು ಹುಟ್ಟಿದ್ದರಿಂದ ಮನೆಯಿಂದ ಕೆಲಸ ಮಾಡುತ್ತಿದ್ದ ತಾಂತ್ರಿಕ ನಿರ್ದೇಶಕಿ ಗ್ಯಾಲಿನ್ ಸಸ್ಮನ್ ಅವರ ಮನೆಯ ಕಂಪ್ಯೂಟರಿನಲ್ಲಿ ಇದ್ದ ಪ್ರತಿಯೇ ಕೊನೆಗೆ ಕೈ ಹಿಡಿಯಿತು. ಅಷ್ಟು ದೊಡ್ಡ ಸಂಸ್ಥೆಗೇ ಹೀಗಾಗುವುದಾದರೆ ನಾವು ಎಚ್ಚರದಿಂದಿರಬೇಕು. ಕಾಪಿ ಮುಗಿದ ಮೇಲೆ ಎರಡೂ ಕಡೆಯ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ, ಗಾತ್ರ ಹೋಲಿಸಿ. ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ ಹತ್ತಾರು ಫೋಟೊ ತೆರೆಯಿರಿ, ಒಂದೆರಡು ವಿಡಿಯೊವನ್ನು ನಡುವಿನಿಂದ ಓಡಿಸಿ ನೋಡಿ. ವರ್ಷಕ್ಕೊಮ್ಮೆಯಾದರೂ ಇದು ಆಗಬೇಕು. ಮಾರ್ಚ್ 31 ‘ವಿಶ್ವ ಬ್ಯಾಕಪ್ ದಿನ’. ನಮ್ಮಲ್ಲಿ ಲೆಕ್ಕದ ವರ್ಷ ಮುಗಿಯುವುದೂ ಅಂದೇ ಆದ್ದರಿಂದ ಮರೆಯುವ ಹಾಗಿಲ್ಲ.

ಈಗ ಜೋಡಣೆ. ಎಲ್ಲಕ್ಕೂ ಒಂದೇ ಶ್ರಮ ಹಾಕಬೇಡಿ. ಪಹಣಿಯನ್ನು ಭೂಮಿ ಜಾಲತಾಣದಿಂದ ಮತ್ತೆ ಪಡೆಯಬಹುದು, ಹಲವು ಪ್ರಮಾಣಪತ್ರಗಳು ಡಿಜಿಲಾಕರ್‌ನಲ್ಲಿ ಸಿಗುತ್ತವೆ. ಅತ್ತೆಯವರ ಹಾಡಿನ ರೆಕಾರ್ಡಿಂಗ್, ಯಜಮಾನರ ಬರಹ ಇನ್ನೆಲ್ಲೂ ಸಿಗುವುದಿಲ್ಲ. ಮೊದಲ ಗಮನ ಅವಕ್ಕಿರಲಿ. ಫೋಟೊಗಳಿಗೆ ವರ್ಷಕ್ಕೊಂದು ಫೋಲ್ಡರ್, ಅದರೊಳಗೆ ಸಂದರ್ಭಕ್ಕೊಂದು, ಅಷ್ಟೇ ಸಾಕು. ಹೆಸರಿನಲ್ಲಿ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆಯಿರಿ: ‘2014-05-12 ಉಪನಯನ’. ಆಗ ಕಂಪ್ಯೂಟರ್ ತಾನಾಗಿ ಕಾಲಾನುಕ್ರಮದಲ್ಲಿ ಜೋಡಿಸುತ್ತದೆ. ದಿನವನ್ನು ಮೊದಲು ಬರೆದರೆ ಎಲ್ಲ ವರ್ಷಗಳೂ ಬೆರೆಯುತ್ತವೆ. ಹೆಸರು ಕನ್ನಡದಲ್ಲೇ ಇರಲಿ, ಇವತ್ತಿನ ಯಂತ್ರಗಳು ಅದನ್ನು ಸರಿಯಾಗಿ ತೋರಿಸುತ್ತವೆ. ಕಾಗದಪತ್ರಗಳಿಗೆ ಮಾತ್ರ ವರ್ಷಕ್ಕಿಂತ ವಿಷಯ ಮೊದಲು: ಜಮೀನು, ತೆರಿಗೆ, ಪಿಂಚಣಿ, ಆಸ್ಪತ್ರೆ.

ವಿಂಡೋಸ್‌ನಲ್ಲಿ ಕಾಪಿ ಮಾಡಿದಾಗ ಹಳೆಯ ಫೋಟೊಗೆ ‘ಡೇಟ್ ಕ್ರಿಯೇಟೆಡ್’ ಎಂದು ಇವತ್ತಿನ ದಿನಾಂಕ ಬರುವುದುಂಟು, ಗಾಬರಿಯಾಗಬೇಡಿ. ಕ್ಯಾಮೆರಾ ಬರೆದಿಟ್ಟ ‘ಡೇಟ್ ಟೇಕನ್’ ಒಳಗೆ ಹಾಗೇ ಇರುತ್ತದೆ, ಅದರಂತೆ ವಿಂಗಡಿಸಿ. ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಬಂದ ಫೋಟೊಗಳಲ್ಲಿ ಈ ಮಾಹಿತಿ ಉಳಿದಿರುವುದಿಲ್ಲ, ಗಾತ್ರವೂ ಕುಗ್ಗಿರುತ್ತದೆ. ಮುಖ್ಯವಾದ ಫೋಟೊಗಳನ್ನು ಬಂಧುಗಳಿಂದ ‘ಡಾಕ್ಯುಮೆಂಟ್’ ಆಗಿ ಕಳಿಸಿಕೊಳ್ಳಿ. ಸ್ಟುಡಿಯೊದವರು ಕೊಟ್ಟ ಮದುವೆಯ ಸೀಡಿ, ಡೀವೀಡಿಗಳಿದ್ದರೆ ಮುಂದಿನ ಮಳೆಗಾಲದೊಳಗೆ ಡಿಸ್ಕಿಗೆ ಇಳಿಸಿ. ಅವುಗಳಿಗೆ ಬೂಷ್ಟು ಹಿಡಿಯುತ್ತದೆ, ಓದುವ ಡ್ರೈವ್ ಕೂಡ ಈಗಿನ ಕಂಪ್ಯೂಟರುಗಳಲ್ಲಿ ಬರುವುದಿಲ್ಲ.

ಇನ್ನು ಯಜಮಾನರ ಲೇಖನಗಳು. ಹೊಸ ಕಂಪ್ಯೂಟರಿನಲ್ಲಿ ತೆರೆದಾಗ ಕನ್ನಡದ ಬದಲು ಚುಕ್ಕೆ ಗೆರೆಗಳಿರುವ ರೋಮನ್ ಅಕ್ಷರಗಳು ಬಂದರೆ ಫೈಲು ಕೆಟ್ಟಿದೆ ಎಂದು ಅಳಿಸಬೇಡಿ. ಯೂನಿಕೋಡ್ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನ ಕೊಟ್ಟಿದ್ದರೂ ಅದು ನಮ್ಮ ಮೇಜಿಗೆ ಬರಲು ಬಹಳ ವರ್ಷ ಹಿಡಿಯಿತು. ಆ ನಡುವೆ ಕನ್ನಡದ ಬರವಣಿಗೆಯನ್ನು ಹೊತ್ತದ್ದು ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ ಮುಂತಾದ ತಂತ್ರಾಂಶಗಳು. ಆಗಿನ ಫಾಂಟುಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳ ಚಿತ್ರ ಕೂರಿಸುತ್ತಿದ್ದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಗುರುತುಗಳು. ಫಾಂಟ್ ಹಾಕಿ ಓದಿದರೂ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಹುಡುಕಿದರೆ ಅದರೊಳಗಿನ ಒಂದು ಪದವೂ ಸಿಗುವುದಿಲ್ಲ.

ಆ ಲೇಖನಗಳನ್ನು ಬರೆದ ಹಳೆಯ ಕಂಪ್ಯೂಟರ್ ಇನ್ನೂ ನಡೆಯುತ್ತಿದ್ದರೆ ಅದರ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನು ತೆಗೆದು ಲೇಖನಗಳ ಜೊತೆಯಲ್ಲೇ ಇಡಿ. ಪ್ರತಿ ಲೇಖನವನ್ನೂ ಪಿಡಿಎಫ್ ಆಗಿ ಉಳಿಸಿ, ಆಗ ಪುಟ ಅವರು ಕಂಡ ಹಾಗೆಯೇ ಉಳಿಯುತ್ತದೆ. ಆಮೇಲೆ ಪರಿವರ್ತಕ ಬಳಸಿ ಯೂನಿಕೋಡ್‌ಗೆ ತಂದು, ಪಿಡಿಎಫ್ ಪಕ್ಕದಲ್ಲಿಟ್ಟು ಕರಡು ತಿದ್ದಿ. ಅರ್ಕಾವತ್ತು ಹೆಚ್ಚು ತೊಂದರೆ ಕೊಡುತ್ತದೆ. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಆ ರಕಾರ ಅಕ್ಷರದ ಮೊದಲೇ ಬರಬೇಕು. ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದು ತಿಳಿದು ಕೆಡಿಸಬಹುದು. ನಿಮ್ಮಂಥ ಶಿಕ್ಷಕರ ಕಣ್ಣಿಗೆ ಇವು ತಪ್ಪಿಸಿಕೊಳ್ಳಲಾರವು. ತಿದ್ದಿದ ಪ್ರತಿ ಸಿದ್ಧವಾದ ಮೇಲೂ ನುಡಿಯ ಮೂಲ ಫೈಲನ್ನು ಅಳಿಸಬೇಡಿ. ಮುಂದೆ ಇನ್ನೂ ಒಳ್ಳೆಯ ಪರಿವರ್ತಕ ಬಂದರೆ ಅದರಿಂದಲೇ ಮತ್ತೆ ಶುರುಮಾಡಬಹುದು.