ಬೆಳಕಿಗೂ ಅಳತೆ ಬೇಕು

ಮಗ ತೀರಿಕೊಂಡ ಸುದ್ದಿ ಕೇಳಿ ತಾಯಿ ಮಾತಿಲ್ಲದೆ ನಿಲ್ಲುವ ದೃಶ್ಯವದು. ಶಿವಮೊಗ್ಗದ ತಾಲೀಮಿನಲ್ಲಿ ನಟಿಯ ಮುಖದಿಂದ 12 ಅಡಿ ಮೇಲೆ, 16 ಅಡಿ ಮುಂದೆ ಪ್ರೊಫೈಲ್ ಲೈಟು ಕಟ್ಟಿದ್ದೆವು. ಓರೆಯಾಗಿ ಅಳೆದರೆ 20 ಅಡಿ. 36 ಡಿಗ್ರಿ ಲೆನ್ಸು ಅಲ್ಲಿ ಸುಮಾರು 13 ಅಡಿ ಅಗಲದ ಬೆಳಕು ಚೆಲ್ಲುತ್ತಿತ್ತು. ತುಟಿ ಅದುರುವುದೂ ಕಾಣುತ್ತಿತ್ತು.

ಅದೇ ನಾಟಕ, ಅದೇ ಲೈಟು ಭದ್ರಾವತಿಗೆ ಹೋದವು. ಬಯಲು ರಂಗ. ಮುಂದಿನ ಚಾಪೆಗಳ ತುಂಬ ಮಕ್ಕಳು ಕೂತಿದ್ದರಿಂದ ಸ್ಟ್ಯಾಂಡುಗಳನ್ನು ಅವರ ಹಿಂದೆ ನಿಲ್ಲಿಸಿದೆ. ಡಿಮ್ಮರ್ ಪೂರ್ತಿ ಏರಿಸಿದರೂ ಮುಖ ಮಸುಕು. ಬೆಳಕೆಲ್ಲ ಪಕ್ಕದ ಪರದೆಗಳ ಮೇಲೆ. ನಾಟಕ ಮುಗಿದ ಮೇಲೆ ಅಜ್ಜಿಯೊಬ್ಬರು ಕೈಹಿಡಿದು ಕೇಳಿದರು: “ಆ ತಾಯಿ ಅತ್ಲಾ ಇಲ್ವಾ? ನಂಗೆ ಕಾಣ್ಲೇ ಇಲ್ಲ ಕಣಪ್ಪಾ.”

ಆ ಮಾತು ಚುಚ್ಚಿತು. ಸ್ಟ್ಯಾಂಡ್ ಬಿಚ್ಚುವ ಮುಂಚೆ ಟೇಪು ಹಿಡಿದೆ: 40 ಅಡಿ. ದೂರ ಎರಡು ಪಟ್ಟಾದಾಗ ಬೆಳಕಿನ ವೃತ್ತದ ಅಗಲವೂ ಎರಡು ಪಟ್ಟಾಗಿ 26 ಅಡಿಗೆ ಹಿಗ್ಗಿತ್ತು. ಹರವು ನಾಲ್ಕು ಪಟ್ಟು, ಹಾಗಾಗಿ ಮುಖಕ್ಕೆ ಸಿಕ್ಕಿದ್ದು ಕಾಲುಭಾಗ ಬೆಳಕು. ಹೆಚ್ಚು ವಾಟಿನ ಬಲ್ಬು ಇದಕ್ಕೆ ಮದ್ದಲ್ಲ. 19 ಡಿಗ್ರಿ ಲೆನ್ಸ್ ಹಾಕಿದ್ದರೆ 40 ಅಡಿಯಲ್ಲೂ ಅದೇ 13 ಅಡಿ ವೃತ್ತ ಸಿಗುತ್ತಿತ್ತು. ಚೆದುರುತ್ತಿದ್ದ ಬೆಳಕು ಮುಖದ ಸುತ್ತಲೇ ಕೂಡಿಕೊಳ್ಳುತ್ತಿತ್ತು.

ಅಂದಿನಿಂದ ಈ ಲೆಕ್ಕ ಬಾಯಿಪಾಠ. 19 ಡಿಗ್ರಿಯಾದರೆ ವೃತ್ತದ ಅಗಲ ದೂರದ ಮೂರನೇ ಒಂದು ಭಾಗ. 26 ಆದರೆ ಅರ್ಧಕ್ಕಿಂತ ತುಸು ಕಮ್ಮಿ. 36 ಆದರೆ ಮೂರನೇ ಎರಡು. 50 ಆದರೆ ಹೆಚ್ಚುಕಮ್ಮಿ ದೂರದಷ್ಟೇ. ದೂರವನ್ನು ನೆಲದ ಮೇಲಲ್ಲ, ಲೈಟಿನಿಂದ ಮುಖಕ್ಕೆ ಓರೆಯಾಗಿ ಅಳೆಯಬೇಕು.

ಇನ್ನೊಂದು ಪಾಠವೂ ಇದೆ. ವೃತ್ತದ ತುಂಬ ಬೆಳಕು ಒಂದೇ ಸಮ ಇರುವುದಿಲ್ಲ. ನಡುವಿನ ಪ್ರಖರತೆ ಅರ್ಧಕ್ಕೆ ಇಳಿಯುವವರೆಗಿನ ಕೋನ ಬೀಮ್ ಆಂಗಲ್. ಹತ್ತನೇ ಒಂದಕ್ಕೆ ಇಳಿಯುವವರೆಗಿನದು ಫೀಲ್ಡ್ ಆಂಗಲ್. ಅಂಚಿಗೆ ಅಂಚು ತಾಗಿಸಿ ಲೈಟು ಕಟ್ಟಿದರೆ ನಡೆದು ಹೋಗುವ ನಟ ಪ್ರತಿ ಸಂದಿಯಲ್ಲೂ ಮಂಕಾಗುತ್ತಾನೆ. ಒಂದರ ಅಂಚಿನ ಮೇಲೆ ಇನ್ನೊಂದು ಚೆನ್ನಾಗಿ ಹೊದೆಯಬೇಕು. ಪಾರ್ ಲೈಟಿನ ಬೆಳಕಂತೂ ಮೊಟ್ಟೆಯಾಕಾರ. ಒಳಗಿನ ಬಲ್ಬನ್ನು ತಿರುಗಿಸಿ ಆ ಬೆಳಕಿನ ಉದ್ದವನ್ನು ನಟನ ನಡೆಯ ದಿಕ್ಕಿಗೆ ಹೊಂದಿಸಿಕೊಳ್ಳಬಹುದು.

ನೀನಾಸಂ ತಿರುಗಾಟ ನಾಟಕ ತಂಡ 1985ರಿಂದ ಊರೂರು ಸುತ್ತುತ್ತಿರುವ ಜಿಲ್ಲೆ ನಮ್ಮದು. ಇಂದಿನ ರಂಗಮಂದಿರದ ಅಳತೆ ನಾಳೆಯ ಮೈದಾನಕ್ಕೆ ಒಗ್ಗುವುದಿಲ್ಲ. ಈಗ ಲಾರಿ ಇಳಿಸುವ ಮೊದಲೇ ನಟರೊಬ್ಬರನ್ನು ಕರೆಯುತ್ತೇನೆ. ಅವರು ತಮ್ಮ ಜಾಗದಲ್ಲಿ ನಿಂತು ಟೇಪಿನ ತುದಿಯನ್ನು ಕೆನ್ನೆಗೆ ಹಿಡಿಯುತ್ತಾರೆ. ಇನ್ನೊಂದು ತುದಿ ಹಿಡಿದು ನಾನು ಹಿಂದೆ ಹಿಂದೆ ನಡೆಯುತ್ತೇನೆ, ಕೊನೆಯ ಚಾಪೆ ದಾಟುವವರೆಗೆ.