ಹದಿಮೂರನೆಯ ವಚನದ ಮುಂದೆ

ಅಕ್ಕಾ,

ನಮ್ಮೂರು ಬಳ್ಳಾರಿ. ಮದುವೆಯಾಗಿ ವಿಜಯವಾಡಕ್ಕೆ ಬಂದು ಹದಿನೇಳು ವರ್ಷವಾಯಿತು. ಸಿಂಗ್ ನಗರದಲ್ಲಿ ನಮ್ಮವರು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ಇಟ್ಟಿದ್ದರು. 2024ರ ಸೆಪ್ಟೆಂಬರ್ 1ರಂದು ಬುಡಮೇರು ಹೊಳೆಯ ನೀರು ನುಗ್ಗಿ ಅಂಗಡಿ, ಹಿಂದಿನ ಮನೆ ಎರಡೂ ಮುಳುಗಿದವು. ಸಾಲದ ಮೇಲೆ ತಂದ ಮಿಷನ್ ವಾರಗಟ್ಟಲೆ ಕೆಸರಿನಲ್ಲಿ ನಿಂತಿತ್ತು. ಸರ್ಕಾರದ 25,000 ರೂಪಾಯಿ ಬಂತು, ಬಾಡಿಗೆಗೂ ಊಟಕ್ಕೂ ಸರಿಹೋಯಿತು. ಈಗ ಬೆಂಜ್ ಸರ್ಕಲ್ ಹಿಂದಿನ ಗಲ್ಲಿಯಲ್ಲಿ ಒಂದೇ ರೂಮು. ನಾನು ಸೀರೆ ಅಂಗಡಿಯಲ್ಲಿ ಸೇಲ್ಸ್‌ಗೆ ಹೋಗುತ್ತೇನೆ. ಅವರು ಬೇರೆಯವರ ಅಂಗಡಿಯಲ್ಲಿ ಡಿಸೈನ್ ಮಾಡಿಕೊಡುತ್ತಾರೆ, ಕೆಲಸ ಇದ್ದ ದಿನ ದುಡ್ಡು. ಫೈನಾನ್ಸ್, ಗುಂಪಿನ ಸಾಲ, ಕೈಸಾಲ ಎಲ್ಲ ಸೇರಿ ನಾಲ್ಕು ಲಕ್ಷ ದಾಟಿದೆ.

ಮುಳುಗಿದ ಮನೆಯಿಂದ ನಾನು ಎತ್ತಿಕೊಂಡು ಬಂದದ್ದು ಅಮ್ಮ ಕೊಟ್ಟ ಕನ್ನಡ ಸತ್ಯವೇದ. ಹಾಳೆಗಳ ನಡುವೆ ಪೇಪರ್ ಇಟ್ಟು, ಫ್ಯಾನಿನ ಕೆಳಗೆ ನಾಲ್ಕು ದಿನ ಒಣಗಿಸಿದೆ. ಊದಿಕೊಂಡು ಈಗ ಅದು ಮುಚ್ಚುವುದೇ ಇಲ್ಲ.

ಚರ್ಚಿನಲ್ಲಿ ಯಾರಾದರೂ 'ವಂದನಾಲಂಡಿ, ಬಾಗುನ್ನಾರಾ' ಎಂದು ಚೆನ್ನಾಗಿದ್ದೀರಾ ಅಂತ ಕೇಳಿದರೆ 'ದೇವುಡಿ ದಯ', ದೇವರ ದಯೆ, ಅಂದು ನಗುತ್ತೇನೆ. ಒಂದು ಸಲ ಪ್ರಾರ್ಥನಾ ಕೂಟದಲ್ಲಿ ಅಳು ಬಂದುಬಿಟ್ಟಿತು. ಹಿರಿಯರೊಬ್ಬರು, ಇರುವುದರಲ್ಲಿ ತೃಪ್ತಿ ಇಲ್ಲದಿದ್ದರೆ ವಿಶ್ವಾಸ ಕಡಿಮೆ ಅಂತಲೇ ಅರ್ಥ ಅಂದರು. ಆವತ್ತಿನಿಂದ ಬಾಯಿ ಬಿಟ್ಟಿಲ್ಲ. ದಶಮಾಂಶವನ್ನೂ ತಪ್ಪಿಸಿಲ್ಲ, ಎರಡು ತಿಂಗಳು ಸಾಲ ತಂದು ಕೊಟ್ಟೆ.

ಬಲ ಕೊಡುವವನಲ್ಲಿ ಎಲ್ಲಕ್ಕೂ ನನಗೆ ಶಕ್ತಿಯಿದೆ ಎನ್ನುವ ಫಿಲಿಪ್ಪಿ 4:13 ಇರುವ ಕ್ಯಾಲೆಂಡರ್ ಗೋಡೆಯ ಮೇಲಿದೆ. ದಿನಾ ಓದುತ್ತೇನೆ. ರಾತ್ರಿ ಫ್ಲೈಓವರ್ ಮೇಲೆ ಲಾರಿ ಹೋದರೆ ನೀರು ಬಂತೇನೋ ಅಂತ ಎದೆ ಹೊಡೆದುಕೊಳ್ಳುತ್ತದೆ. ಪಕ್ಕದಲ್ಲಿ ಅವರೂ ಎಚ್ಚರವಾಗೇ ಇರುತ್ತಾರೆ. ಹೋದ ವಾರ, 'ನಾನೊಬ್ಬ ಇಲ್ಲದಿದ್ದರೆ ತಾಯಿ ಮಗಳು ಹೇಗೋ ಆರಾಮಾಗಿ ಇರ್ತಿದ್ರಿ' ಅಂದರು. ಎಲ್ಲ ಸ್ಥಿತಿಯಲ್ಲೂ ಸಂತೃಪ್ತಿ ಅನ್ನುವುದು ನನಗೆ ಬರುತ್ತಿಲ್ಲ ಅಕ್ಕಾ. ಇದು ಪಾಪವೇ?

– ಹೆಸರು ಬೇಡ, ಬೆಂಜ್ ಸರ್ಕಲ್, ವಿಜಯವಾಡ

*

ತಂಗಿ, ನಿಮ್ಮ ಪತ್ರವನ್ನು ನಾನು ಕೊನೆಯಿಂದ ಹಿಡಿಯುತ್ತೇನೆ. ಯಜಮಾನರು ಆಡಿದ ಆ ಒಂದು ಮಾತಿನ ಮುಂದೆ ಮಿಕ್ಕದ್ದೆಲ್ಲ ನಾಳೆಯವರೆಗೆ ಕಾಯಬಹುದು. ಬೇಸರದಲ್ಲಿ ಬಂದ ಮಾತು ಅಂತ ಬಿಡಬೇಡಿ. ಇವತ್ತೇ, ಮಗಳು ಮಲಗಿದ ಮೇಲೆ, ಅವರ ಪಕ್ಕ ಕೂತು ಸುತ್ತಿಬಳಸದೆ ಕೇಳಿ: 'ಸಾಯಬೇಕು ಅಂತ ಮನಸ್ಸಿಗೆ ಬರುತ್ತಾ?' ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗಾಗುತ್ತದೆ ಎಂದು ತುಂಬಾ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಒಬ್ಬರೇ ಹೊತ್ತು ತಿರುಗುತ್ತಿದ್ದುದನ್ನು ಇಳಿಸಲು ಅವರಿಗೆ ಒಂದು ಜಾಗ ಸಿಗುತ್ತದೆ. ಹೌದು ಅಂದರೂ ಸರಿ, ಉತ್ತರ ಕೊಡದೆ ಗೋಡೆಯ ಕಡೆ ತಿರುಗಿದರೂ ಸರಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಸಹಾಯವಾಣಿ. ಹಗಲೂ ರಾತ್ರಿ ಎತ್ತುತ್ತಾರೆ, ದುಡ್ಡಿಲ್ಲ, ತೆಲುಗಿನಲ್ಲೂ ಕನ್ನಡದಲ್ಲೂ ಮಾತಾಡುತ್ತಾರೆ. ಆಮೇಲೆ ಸರ್ಕಾರಿ ಜನರಲ್ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಇಬ್ಬರೂ ಹೋಗಿ. ಇಬ್ಬರೂ ಅಂದೆ. ಲಾರಿ ಸದ್ದಿಗೆ ನೀರು ಬಂತೆಂದು ಹೊಡೆದುಕೊಳ್ಳುವ ನಿಮ್ಮ ಎದೆಯನ್ನೂ ಡಾಕ್ಟರಿಗೆ ತೋರಿಸಬೇಕು. ಆ ದಿನವನ್ನು ನೀವು ಮರೆತರೂ ಮೈ ಮರೆತಿಲ್ಲ, ಅಷ್ಟೇ. ಅದಕ್ಕೂ ವಿಶ್ವಾಸಕ್ಕೂ ಸಂಬಂಧವಿಲ್ಲ.

ಪ್ರವಾದಿಯಾದ ಎಲೀಯನಂಥವನೇ ಒಂದು ದಿನ ಅಡವಿಯ ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆ ಎಂದು ಬೇಡಿಕೊಂಡ. ಅರಸುಗಳ ಮೊದಲನೆಯ ಗ್ರಂಥದ 19ನೇ ಅಧ್ಯಾಯ ಓದಿ ನೋಡಿ. ದೇವರು ಅವನಿಗೆ ಬೈಯಲಿಲ್ಲ, ಬೋಧನೆಯನ್ನೂ ಮಾಡಲಿಲ್ಲ. ಮಲಗಲು ಬಿಟ್ಟರು. ದೂತನನ್ನು ಕಳಿಸಿ ಬಿಸಿ ರೊಟ್ಟಿ, ಒಂದು ತಂಬಿಗೆ ನೀರು ಕೊಡಿಸಿದರು. ಉಂಡು ಮತ್ತೆ ಮಲಗಿದ. ಎರಡನೇ ಸಲ ಎಬ್ಬಿಸಿ ಮತ್ತೆ ಉಣ್ಣಿಸಿದ ಮೇಲೆಯೇ ಮುಂದಿನ ದಾರಿ. ನಿಮ್ಮ ಯಜಮಾನರಿಗೆ ಈಗ ಬೇಕಾಗಿರುವುದೂ ಇದೇ: ನಿದ್ದೆ, ಊಟ, ಔಷಧಿ, ಜೊತೆಗೊಬ್ಬರು. ವಚನ ಹೇಳಿ ಧೈರ್ಯ ತುಂಬುವ ಕೆಲಸ ಸ್ವಲ್ಪ ದಿನ ಪಕ್ಕಕ್ಕಿರಲಿ.

ಇನ್ನು ನಿಮ್ಮ ಪ್ರಶ್ನೆ. ಪಾಪವೇ? ಅಲ್ಲ.

ಗೋಡೆಯ ಮೇಲಿನ ಆ ವಚನವನ್ನು ನಾನು ಆಟೋಗಳ ಹಿಂದೆ, ಮದುವೆ ಪತ್ರಿಕೆಯಲ್ಲಿ, ಪರೀಕ್ಷೆಗೆ ಹೋಗುವ ಮಕ್ಕಳ ಪೆನ್ನಿನ ಡಬ್ಬಿಯಲ್ಲಿ ಕಂಡಿದ್ದೇನೆ. ಎಲ್ಲ ಕಡೆಯೂ ಅದು ಒಂಟಿಯಾಗಿ ನಿಂತಿರುತ್ತದೆ, ಹಿಂದೆ ಮುಂದೆ ಏನೂ ಇಲ್ಲದೆ. ಪೌಲ ಅದನ್ನು ಬರೆದದ್ದು ಒಂದು ಪತ್ರದ ಕೊನೆಯಲ್ಲಿ. ಪತ್ರ ಬರೆಯುವಾಗ ಅವನಿಗೆ ಬೇಡಿ ಬಿದ್ದಿತ್ತು. ಆ ಕಾಲದ ಸೆರೆಯಲ್ಲಿ ಕೈದಿಯ ಊಟ, ಬಟ್ಟೆಗೆ ಹೊರಗಿನ ಸ್ನೇಹಿತರೇ ಆಸರೆ. ಫಿಲಿಪ್ಪಿಯ ಸಭೆಯವರಿಗೆ ಅವನ ಪಾಡು ತಿಳಿಯಿತು. ಒಟ್ಟು ಮಾಡಿದ ಸಹಾಯವನ್ನು ಎಪಫ್ರೊದೀತ ಎಂಬವನ ಕೈಯಲ್ಲಿ ಕಳಿಸಿದರು. ಆ ಮನುಷ್ಯ ಅಲ್ಲಿಗೆ ಬಂದು ಕಾಯಿಲೆ ಬಿದ್ದು ಸಾವಿನ ಬಾಗಿಲು ನೋಡಿ ಬದುಕಿದ. ಅದನ್ನು ಹೇಳುವಾಗ ಪೌಲ ಏನನ್ನೂ ಬಚ್ಚಿಡುವುದಿಲ್ಲ. ಅವನು ಸತ್ತಿದ್ದರೆ ತನಗೆ ದುಃಖದ ಮೇಲೆ ದುಃಖ ಆಗುತ್ತಿತ್ತು ಅನ್ನುತ್ತಾನೆ. ಅವನನ್ನು ನಿಮ್ಮ ಹತ್ತಿರ ಕಳಿಸಿದರೆ ನನ್ನ ಚಿಂತೆಯೂ ಇಳಿಯುತ್ತದೆ ಅನ್ನುತ್ತಾನೆ. ಇದೆಲ್ಲ ಅದೇ ಪತ್ರದ ಎರಡನೆಯ ಅಧ್ಯಾಯ. ಸಂತೃಪ್ತಿಯ ಮಾತು ಬರೆದ ಕೈಯೇ ದುಃಖವನ್ನೂ ಚಿಂತೆಯನ್ನೂ ಬರೆಯಿತು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಂತೂ, ಆಸ್ಯದಲ್ಲಿದ್ದಾಗ ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಎಂದು ಒಪ್ಪಿಕೊಳ್ಳುತ್ತಾನೆ. ಇವನಿಗೆ ವಿಶ್ವಾಸ ಕಡಿಮೆ ಎಂದು ನಿಮ್ಮ ಕೂಟದ ಹಿರಿಯರು ಹೇಳುತ್ತಾರೆಯೇ?

ಈಗ ಕ್ಯಾಲೆಂಡರಿನಲ್ಲಿ ಜಾಗ ಸಿಗದ ಹದಿನಾಲ್ಕನೆಯ ವಚನಕ್ಕೆ ಬನ್ನಿ. ಎಲ್ಲಕ್ಕೂ ನನಗೆ ಶಕ್ತಿಯಿದೆ ಎಂದ ಬೆನ್ನಿಗೇ ಅವನು ಹೇಳುವುದು ಇಷ್ಟು: ಆದರೂ ನನ್ನ ಕಷ್ಟದಲ್ಲಿ ನೀವು ಪಾಲು ತೆಗೆದುಕೊಂಡದ್ದು ಒಳ್ಳೆಯ ಕೆಲಸ. ಹದಿನೆಂಟರವರೆಗೆ ಪೂರ್ತಿ ಕೃತಜ್ಞತೆ. ಥೆಸಲೊನೀಕದಲ್ಲಿದ್ದಾಗಲೂ ನೀವು ಒಂದೆರಡು ಸಲ ಕಳಿಸಿದಿರಿ ಎಂದು ನೆನಪಿಟ್ಟು ಬರೆಯುತ್ತಾನೆ. ಅವನು ಕಷ್ಟವನ್ನು ಕಷ್ಟ ಎಂದೇ ಕರೆದ. ಬಂದ ಸಹಾಯಕ್ಕೆ ಕೈಚಾಚಿದ. ಕಳಿಸಿದವರೂ ಉಳ್ಳವರಲ್ಲ. ಫಿಲಿಪ್ಪಿ ಇದ್ದ ಮಕೆದೋನ್ಯದ ಸಭೆಗಳು ಕಡು ಬಡತನದಲ್ಲಿದ್ದವು ಎಂದು ಅವನೇ ಇನ್ನೊಂದು ಕಡೆ ಹೇಳುತ್ತಾನೆ. ಫಿಲಿಪ್ಪಿಯ ಸಭೆ ಹುಟ್ಟಿದ್ದು ಯಾರ ಮನೆಯಲ್ಲಿ ಗೊತ್ತೇ? ಲುದ್ಯ ಎಂಬ ಹೆಂಗಸಿನ ಮನೆಯಲ್ಲಿ. ಅವಳೂ ನಿಮ್ಮ ಹಾಗೆ ಬಟ್ಟೆ ಮಾರುವವಳು.

ನೀವು ನಾಲ್ಕು ಲಕ್ಷ ಸಾಲವನ್ನೂ ಹೆದರಿದ ಗಂಡನನ್ನೂ ಎದೆಯಲ್ಲಿಟ್ಟುಕೊಂಡು 'ದೇವುಡಿ ದಯ' ಎಂದು ನಗುತ್ತಿದ್ದೀರಿ. ಅದನ್ನು ಸಂತೃಪ್ತಿ ಎಂದುಕೊಂಡಿದ್ದೀರಿ. ನನಗೆ ಅದರಲ್ಲಿ ಕಾಣುವುದು ಒಂಟಿತನ. ಫಿಲಿಪ್ಪಿಯವರಿಗೆ ಪೌಲನ ಸ್ಥಿತಿ ಗೊತ್ತೇ ಆಗದಿದ್ದರೆ ಎಪಫ್ರೊದೀತ ಹೊರಡುವುದಾದರೂ ಎಲ್ಲಿಂದ?

ಇನ್ನೊಂದು ಮಾತು. ಆ ವಚನಕ್ಕೆ ಸ್ವಲ್ಪ ಮೊದಲು, ಸಂತೃಪ್ತನಾಗಿರುವುದನ್ನು ಕಲಿತುಕೊಂಡೆ ಎಂದು ಬರೆಯುತ್ತಾನೆ ಪೌಲ. ಅವನು ಬಳಸುವ ಗ್ರೀಕ್ ಪದ ಸ್ಟೋಯಿಕ್ ತತ್ತ್ವಜ್ಞಾನಿಗಳಿಗೆ ಪ್ರಿಯವಾದದ್ದು. ಯಾರ ಹಂಗೂ ಇಲ್ಲದೆ ತನಗೆ ತಾನೇ ಸಾಕಾಗಿರುವುದು ಅವರ ಆದರ್ಶ. ಪೌಲ ಆ ಪದವನ್ನು ಎತ್ತಿಕೊಂಡು ಅದರ ಒಳಗನ್ನೇ ಬದಲಿಸಿದ. ತನಗೆ ತಾನು ಸಾಲುವುದಿಲ್ಲ, ಬಲ ಕೊಡುವವನು ಕ್ರಿಸ್ತ, ಅದನ್ನು ತಲುಪಿಸುವವರು ಫಿಲಿಪ್ಪಿಯ ಬಡವರು. ಈ ಪಾಠ ಒಂದು ಉಪವಾಸ ಪ್ರಾರ್ಥನೆಯಲ್ಲಿ ಅವನಿಗೆ ಬಂದದ್ದಲ್ಲ. ಮೂರು ಸಲ ಹಡಗು ಒಡೆದು, ಐದು ಸಲ ಚಾವಟಿ ಏಟು ತಿಂದು, ಹಸಿದು, ಚಳಿಯಲ್ಲಿ ನಡುಗಿ ಬಂದದ್ದು.

ನಿಮ್ಮ ಕೈಯಲ್ಲಿರುವ ಆ ಊದಿದ ಪುಸ್ತಕದ ಹಿಂದೆಯೂ ಇಂಥದೇ ನಿಧಾನವಿದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ನಿಮ್ಮೂರು ಬಳ್ಳಾರಿಗೆ ಬಂದು ಕನ್ನಡ ಕಲಿಯಲು ಕೂತರು. ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಗಿ ಮುಗಿಯುವಷ್ಟರಲ್ಲಿ 1831 ಬಂದಿತ್ತು.

ಪಂಡಿತಾ ರಮಾಬಾಯಿಯವರ ಬದುಕನ್ನು ನಾನು ಇಂಥ ಪತ್ರ ಬಂದಾಗಲೆಲ್ಲ ನೆನೆಯುತ್ತೇನೆ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರದು ಕಾರ್ಕಳದ ಬಳಿಯ ಮಾಳ. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಘಟ್ಟದ ಕಾಡಿನ ಗಂಗಾಮೂಲದಲ್ಲಿ. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಹೋದರು. 1880ರಲ್ಲಿ ಅಣ್ಣ, 1882ರಲ್ಲಿ ಗಂಡ. ಕಂಕುಳಲ್ಲಿ ಹೆಣ್ಣು ಕೂಸು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಆಮೇಲೆಯೂ ಎಷ್ಟೋ ವರ್ಷ ಮನಸ್ಸಿಗೆ ಸಮಾಧಾನ ಇರಲಿಲ್ಲ, ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಎಂಬ ಅರ್ಥದಲ್ಲಿ ತಮ್ಮ ಸಾಕ್ಷಿಯಲ್ಲಿ ಅವರೇ ಬರೆದುಕೊಂಡಿದ್ದಾರೆ. ಆ ಸಮಾಧಾನ ಬಂದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. 1896-97ರ ಬರದಲ್ಲಿ ಮಧ್ಯಪ್ರಾಂತದ ಊರೂರು ತಿರುಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಪುಣೆಯ ಬಳಿ ಕೇಡಗಾಂವದಲ್ಲಿ ನೆಲೆ ಕೊಟ್ಟರು. ಅದಕ್ಕೆ ಬೇಕಾದದ್ದನ್ನು ದೇವರ ಹತ್ತಿರವೂ ಕೇಳಿದರು, ಮನುಷ್ಯರ ಹತ್ತಿರವೂ ಪಡೆದರು. ನಮ್ಮ ಕಲಬುರಗಿಯಲ್ಲಿ ಶಾಲೆ ನಡೆಸಿದ ಮಗಳು ಮನೋರಮಾ 1921ರಲ್ಲಿ ತೀರಿಕೊಂಡಾಗ ರಮಾಬಾಯಿಯವರಿಗೆ ಅರವತ್ತಮೂರು. ಅದಾದ ಒಂಬತ್ತೇ ತಿಂಗಳಿಗೆ ಅವರೂ ಹೋದರು. ಇಷ್ಟೆಲ್ಲ ಕಂಡವರಿಗೂ ದೀಕ್ಷಾಸ್ನಾನವಾಗಿ ವರ್ಷಗಳಾದ ಮೇಲಲ್ಲವೇ ಸಮಾಧಾನ ಸಿಕ್ಕಿದ್ದು? ಮನೆ ಮುಳುಗಿದ ನಿಮಗೆ ಇಷ್ಟು ಬೇಗ ಸಿಗಲಿಲ್ಲವೆಂದು ನಿಮ್ಮನ್ನು ನೀವೇ ದಂಡಿಸಿಕೊಳ್ಳಬೇಡಿ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಸಾಲ ತಂದು ದಶಮಾಂಶ ಕೊಡುವುದನ್ನು ಈ ತಿಂಗಳಿಂದಲೇ ನಿಲ್ಲಿಸಿ. ಕೊಡುವವನ ಹತ್ತಿರ ಇರುವುದಕ್ಕೆ ತಕ್ಕ ಹಾಗೆ ಕಾಣಿಕೆ ಮೆಚ್ಚಿಗೆಯಾಗುತ್ತದೆ, ಇಲ್ಲದ್ದಕ್ಕೆ ಲೆಕ್ಕವಿಲ್ಲ ಎಂದು ಕೊರಿಂಥದವರಿಗೆ ಎರಡನೆಯ ಪತ್ರದ 8ನೇ ಅಧ್ಯಾಯದಲ್ಲಿದೆ. ಪಾಸ್ಟರಿಗೆ ನೇರವಾಗಿ ಹೇಳಿ. ನಾಚಿಕೆ ಪಡಬೇಕಾದ ವಿಷಯ ಇದಲ್ಲ.

ಸಾಲಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬರೆಯಿರಿ, ಯಜಮಾನರ ಕೈಯಲ್ಲೇ ಬರೆಸಿದರೆ ಇನ್ನೂ ಒಳ್ಳೆಯದು. ಕತ್ತಲಲ್ಲಿ ಕಂಡದ್ದಕ್ಕಿಂತ ಕಾಗದದ ಮೇಲೆ ಅದು ಚಿಕ್ಕದಾಗಿ ಕಾಣುತ್ತದೆ. ಗುಂಪಿನ ಸಾಲದ ವಸೂಲಿಗೆ ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ಫೋನ್ ಮಾಡುವ ಹಾಗಿಲ್ಲ, ರಿಸರ್ವ್ ಬ್ಯಾಂಕ್ ನಿಯಮವಿದೆ. ಬೈಗುಳ, ಬೆದರಿಕೆಗಂತೂ ಆಸ್ಪದವೇ ಇಲ್ಲ. ಕಂತು ಇಳಿಸಿ ಅವಧಿ ಹೆಚ್ಚಿಸಿ ಎಂದು ಫೈನಾನ್ಸಿನವರಿಗೆ ಬರೆದು ಕೊಡಿ, ಮುಳುಗಿದ ಅಂಗಡಿಯ ಫೋಟೋ ಲಗತ್ತಿಸಿ. ಕಿರುಕುಳ ಕೊಟ್ಟರೆ ಮೊದಲು ಅವರಿಗೇ ಲಿಖಿತ ದೂರು. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, 14448ರಲ್ಲಿ ಕೇಳಿದರೆ ದಾರಿ ಹೇಳುತ್ತಾರೆ. ಒಂದು ಸಾಲ ತೀರಿಸಲು ದಿನದ ಬಡ್ಡಿಗೆ ಇನ್ನೊಂದು ತರುವುದು ಮಾತ್ರ ಬೇಡವೇ ಬೇಡ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಫ್ಯಾನು. ಊಟಕ್ಕೂ ಲೆಕ್ಕ ಹಾಕುವ ದಿನಗಳಲ್ಲಿ ನೀವು ನಾಲ್ಕು ದಿನ ಕೂತು ನೂರಾರು ತೆಳು ಹಾಳೆಗಳನ್ನು ಹರಿಯದ ಹಾಗೆ ಒಂದೊಂದೇ ಬಿಡಿಸಿದ್ದೀರಿ. ವಿಶ್ವಾಸ ಸುಳ್ಳಾದವರ ಬೆರಳಿಗೆ ಅಷ್ಟು ತಾಳ್ಮೆ ಬರುವುದಿಲ್ಲ. ಶಕ್ತಿ ಅಂತ ನೀವು ಕೇಳಿಕೊಳ್ಳುತ್ತಿರುವುದರಲ್ಲಿ ಸ್ವಲ್ಪ ಆಗಲೇ ನಿಮ್ಮ ಕೈಗೆ ಬಂದಿದೆ.

ಮುಚ್ಚದ ಆ ಪುಸ್ತಕವನ್ನು ನಾಳೆ ರಾತ್ರಿ ತೆಗೆಯಿರಿ. ಫಿಲಿಪ್ಪಿ 4ರ ಹದಿನಾಲ್ಕರಿಂದ ಹದಿನೆಂಟರವರೆಗೆ, ಸದ್ಯ ನಿಮಗಾಗಿ ಮಾತ್ರ, ಓದಿ. ಭಾನುವಾರ ಆರಾಧನೆ ಮುಗಿದು ಚಪ್ಪಲಿ ಹುಡುಕುವ ಹೊತ್ತಿಗೆ, ನಿಮಗೆ ಒಂದಿಷ್ಟು ಹತ್ತಿರ ಅನ್ನಿಸುವ ಆ ಒಬ್ಬ ಅಕ್ಕ 'ವಂದನಾಲಮ್ಮಾ, ಬಾಗುನ್ನಾರಾ' ಎನ್ನುತ್ತಾರಲ್ಲ, ಆಗ 'ಬಾಗಾಲೇಮಮ್ಮಾ', ನಾವು ಚೆನ್ನಾಗಿಲ್ಲಮ್ಮಾ, ಅನ್ನಿ. ಅಷ್ಟೇ ಹೇಳಿ ನಿಲ್ಲಿ. ಮುಂದಿನ ಮಾತು ಅವರು ಆಡಲಿ.