ಪರದೆಯ ಪಾಠ ಮತ್ತು ಅನುತ್ತೀರ್ಣತೆ: ಅಂಕಿ-ಅಂಶಗಳನ್ನು ಓದುವ ಬಗೆ

ಎದುರು ಕುಳಿತು ಕಲಿತವರು ಹೆಚ್ಚು ಅನುತ್ತೀರ್ಣರಾಗುತ್ತಾರೆಯೇ, ಪರದೆಯ ಮೂಲಕ ಕಲಿತವರೇ? ದಾಬೋಲಿಮ್‌ನಲ್ಲಿ ಕನ್ನಡ ಶಿಕ್ಷಕರೊಡನೆ ಮಾತನಾಡುತ್ತಿದ್ದಾಗ ಶಿಕ್ಷಕಿಯೊಬ್ಬರು ಈ ಪ್ರಶ್ನೆ ಎತ್ತಿದರು. ಅವರ ಹಳೆಯ ವಿದ್ಯಾರ್ಥಿ ಪದವಿಯ ಮೊದಲ ವರ್ಷದಲ್ಲಿ, ಮೊಬೈಲಿನಲ್ಲೇ ಪಾಠ ಕೇಳಿ, ಮೂರು ವಿಷಯಗಳಲ್ಲಿ ಅನುತ್ತೀರ್ಣನಾಗಿದ್ದನು. ಪ್ರಶ್ನೆ ಸರಳವಾಗಿ ತೋರಿದರೂ ಉತ್ತರ ಹಾಗಿಲ್ಲ.

2020ರ ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಯಾಗಿ ತರಗತಿಗಳು ಮೊಬೈಲಿಗೆ ಬಂದವು. ಮರುವರ್ಷ, ಮಕ್ಕಳು ಶಾಲೆಯ ಮೆಟ್ಟಿಲನ್ನೇ ಸರಿಯಾಗಿ ಹತ್ತದಿದ್ದ ವರ್ಷ, ಫಲಿತಾಂಶ ಗಗನಕ್ಕೇರಿತು. ಗೋವಾ ಮಂಡಳಿಯ ಹನ್ನೆರಡನೆಯ ತರಗತಿಯಲ್ಲಿ 2020ರಲ್ಲಿ ಶೇ. 89ರ ಆಸುಪಾಸಿನಲ್ಲಿದ್ದ ಉತ್ತೀರ್ಣತೆ 2021ರಲ್ಲಿ ಶೇ. 99ನ್ನು ದಾಟಿತು. ಕರ್ನಾಟಕದಲ್ಲಿ ಆ ವರ್ಷ ದ್ವಿತೀಯ ಪಿಯುಸಿಯ ಹೊಸ ವಿದ್ಯಾರ್ಥಿಗಳೆಲ್ಲರೂ ಉತ್ತೀರ್ಣರೆನಿಸಿದರು. 2022ರಲ್ಲಿ ಪರೀಕ್ಷೆ ನಡೆದಾಗ ಒಟ್ಟು ಫಲಿತಾಂಶ ಶೇ. 61.88 ಆಯಿತು. ಪರದೆಯ ಪಾಠದಿಂದ ಕಲಿಕೆ ಹೆಚ್ಚಿತೆಂದು ಇದರಿಂದ ಹೇಳಲಾಗದು. 2021ರಲ್ಲಿ ಪರೀಕ್ಷೆಯೇ ರದ್ದಾಗಿ, ಹಿಂದಿನ ತರಗತಿಗಳ ಅಂಕಗಳ ಆಧಾರದಲ್ಲಿ ಫಲಿತಾಂಶ ಪ್ರಕಟವಾಗಿತ್ತು. ಈ ಮಕ್ಕಳೇ ಆ ವರ್ಷ ಪದವಿ ಕಾಲೇಜುಗಳಿಗೆ ಸೇರಿದರು. ಆದ್ದರಿಂದ ಯಾವ ಅಂಕಿಯನ್ನಾದರೂ ಒಪ್ಪುವ ಮೊದಲು ಮೌಲ್ಯಮಾಪನ ಹೇಗೆ ನಡೆಯಿತೆಂದು ಕೇಳಬೇಕು.

ಎಣಿಕೆಯಲ್ಲೂ ಒಂದು ತೊಡಕಿದೆ. ನೂರು ಜನ ಸೇರಿ, ನಲವತ್ತು ಜನ ನಡುವೆಯೇ ಬಿಟ್ಟು, ಉಳಿದ ಅರವತ್ತರಲ್ಲಿ ನಲವತ್ತೆಂಟು ಜನ ಉತ್ತೀರ್ಣರಾದರೆಂದು ಭಾವಿಸೋಣ. ಪರೀಕ್ಷೆ ಬರೆದವರನ್ನು ಎಣಿಸಿದರೆ ಫಲಿತಾಂಶ ಶೇ. 80, ಸೇರಿದವರನ್ನು ಎಣಿಸಿದರೆ ಶೇ. 48. ಪರದೆಯ ತರಗತಿಯನ್ನು ಬಿಟ್ಟುಹೋಗುವುದು ಬಹು ಸುಲಭ. ಬೆಂಚು ಖಾಲಿಯಾದರೆ ಎಲ್ಲರಿಗೂ ಕಾಣುತ್ತದೆ. ಪರದೆಯಲ್ಲಿ ಹೆಸರು ಉಳಿದಿರುತ್ತದೆ, ಹುಡುಗ ಇರುವುದಿಲ್ಲ.

ಮೂರನೆಯದಾಗಿ, ಕಲಿಯುತ್ತಿರುವವರು ಯಾರು? ಅಮೆರಿಕದ ಸ್ಯಾನ್ ಹೋಸೆ ರಾಜ್ಯ ವಿಶ್ವವಿದ್ಯಾಲಯವು 2013ರಲ್ಲಿ ಉಡಾಸಿಟಿ ಕಂಪನಿಯೊಡನೆ ಗಣಿತ ಹಾಗೂ ಸಂಖ್ಯಾಶಾಸ್ತ್ರದ ಕೋರ್ಸುಗಳನ್ನು ಅಂತರ್ಜಾಲದಲ್ಲಿ ನಡೆಸಿತು. ಮೊದಲ ಅವಧಿಯಲ್ಲಿ ಗಣಿತದ ಎರಡೂ ಕೋರ್ಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅನುತ್ತೀರ್ಣರಾದರು. ಅವರಲ್ಲಿ ಗಣಿತದಲ್ಲಿ ಮೊದಲೇ ಸೋತವರೂ ಬಡ ಕುಟುಂಬಗಳ ಶಾಲಾಮಕ್ಕಳೂ ಇದ್ದರು. ಬೇಸಿಗೆಯ ಅವಧಿಯಲ್ಲಿ ಫಲಿತಾಂಶ ಬಹಳ ಸುಧಾರಿಸಿತು. ಆದರೆ ಆಗ ಸೇರಿದವರಲ್ಲಿ ಸುಮಾರು ಅರ್ಧ ಜನ ಆಗಲೇ ಪದವೀಧರರಾಗಿದ್ದರು! ಕಲಿಯುವುದು ಹೇಗೆಂದು ತಿಳಿದವನಿಗೆ ಪರದೆ ಸಾಕಾಗುತ್ತದೆ. ವಾಷಿಂಗ್‌ಟನ್ ರಾಜ್ಯದ ಸಮುದಾಯ ಕಾಲೇಜುಗಳನ್ನು ಅಧ್ಯಯನ ಮಾಡಿದ ಡಿ ಶು ಮತ್ತು ಶಾನಾ ಜ್ಯಾಗರ್ಸ್ ಅವರೂ, ಹಿಂದಿನ ಅಂಕಗಳು ಕಡಿಮೆಯಿದ್ದವರೇ ಆನ್‌ಲೈನ್ ಕೋರ್ಸುಗಳಲ್ಲಿ ಹೆಚ್ಚು ಹಿಂದೆ ಬಿದ್ದುದನ್ನು ಕಂಡರು.

ಇದು ನಮಗೆ ನೇರವಾಗಿ ತಾಗುವ ಮಾತು. ಜುವಾರಿನಗರ, ಬಾಯ್ನಾಗಳ ಕನ್ನಡ ಕುಟುಂಬಗಳು ಬಹುಮಟ್ಟಿಗೆ ಉತ್ತರ ಕರ್ನಾಟಕದಿಂದ ದುಡಿಮೆಗಾಗಿ ಬಂದವು. ಎಷ್ಟೋ ಮನೆಗಳಲ್ಲಿ ಕಾಲೇಜು ಮೆಟ್ಟಿಲು ಹತ್ತುವ ಮೊದಲಿಗರು ನಮ್ಮ ವಿದ್ಯಾರ್ಥಿಗಳೇ. ಮನೆಯಲ್ಲಿ ಒಂದೇ ಫೋನು, ಅದೂ ತಂದೆಯೊಡನೆ ಕೆಲಸಕ್ಕೆ ಹೋಗುತ್ತದೆ. ಕನ್ನಡದಲ್ಲಿ ಕಲಿತ ಮಗು ಕಾಲೇಜಿನಲ್ಲಿ ಇಂಗ್ಲಿಷ್ ಉಪನ್ಯಾಸ ಕೇಳುವಾಗ ಪಕ್ಕದ ಗೆಳೆಯನನ್ನು ಕೇಳಿ ಅರ್ಥಮಾಡಿಕೊಳ್ಳುತ್ತದೆ. ಪರದೆಯ ಮುಂದೆ ಆ ಪಕ್ಕದ ಗೆಳೆಯನೂ ಇಲ್ಲ.

ಹೀಗಾಗಿ ಆರನೆಯ ತರಗತಿಯಿಂದಲೇ ಕೆಲವು ಅಭ್ಯಾಸಗಳನ್ನು ರೂಢಿಸಬಹುದು. ವಾರಕ್ಕೊಮ್ಮೆ ಪಾಠದ ಒಂದು ಪುಟವನ್ನು ಶಿಕ್ಷಕರು ವಿವರಿಸದೆ, ಮಕ್ಕಳೇ ಮೌನವಾಗಿ ಓದಿ, ಅರ್ಥವಾಗದ ಒಂದು ಸಂಗತಿಯನ್ನು ಪ್ರಶ್ನೆಯಾಗಿ ಬರೆಯಲಿ. ಉತ್ತರಕ್ಕಲ್ಲ, ಪ್ರಶ್ನೆಗೇ ಅಂಕ ಕೊಡಿ. ಹತ್ತು ನಿಮಿಷದ ಧ್ವನಿಮುದ್ರಿತ ಪಾಠವನ್ನು ಕೇಳಿಸಿ, ಮೂರು ಸಾಲಿನ ಟಿಪ್ಪಣಿ ಬರೆಸಿ. ಮೊದಲ ತಿಂಗಳು ಟಿಪ್ಪಣಿಗಳು ನಿರಾಶೆ ತರುತ್ತವೆ, ತಿದ್ದಲು ಆತುರಪಡಬೇಡಿ. ಶಾಲೆ ಬಿಟ್ಟವರ ಹೆಸರುಗಳನ್ನು ಒಂದು ವಹಿಯಲ್ಲಿ ಇಟ್ಟು, ಕಾಲೇಜಿನ ಮೊದಲ ವರ್ಷ ಮುಗಿಯುವವರೆಗೆ ಎರಡು ಬಾರಿಯಾದರೂ ಅವರನ್ನು ವಿಚಾರಿಸಿ.